ರೋಗಲಕ್ಷಣಗಳನ್ನು ಹೇಳಿಕೊಳ್ಳುವ ವಿಚಾರ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನದಲ್ಲಿ ಪರೀಕ್ಷೆಯ ಫಲಿತಾಂಶವೂ ಕಟ್ಟಡದ ದುರಸ್ತಿಯ ಲೆಕ್ಕವೂ ಇರುವುವೆಂದು ವಾಚಕರು ಎಣಿಸುವುದು ಸಹಜ. ಅವೆರಡೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಇಲ್ಲಿ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಇದು ಹುಟ್ಟಿದ್ದು ರಜಾ ಚೀಟಿಗಳಿಂದ. ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನನ್ನ ಮೇಜಿನ ಮೇಲೆ ಅವು ರಾಶಿ ಬೀಳುತ್ತವೆ. ಬಹುತೇಕ ಎಲ್ಲವುಗಳಲ್ಲಿಯೂ ಕಾರಣದ ಸ್ಥಾನದಲ್ಲಿ ಒಂದೇ ಶಬ್ದವಿರುತ್ತದೆ: ಜ್ವರ.

ಆದರೆ ಜ್ವರವೆಂಬುದು ರೋಗದ ಹೆಸರಲ್ಲ, ರೋಗವೊಂದು ಬಾಗಿಲು ತಟ್ಟುವ ಸದ್ದು ಮಾತ್ರ. ಈ ರಾಮಕುಂಜದ ಸುತ್ತಲಿನ ಅಡಿಕೆ ತೋಟ, ರಬ್ಬರ್ ತೋಟ, ಗದ್ದೆ, ಗುಡ್ಡೆಗಳಲ್ಲಿ ಆ ಸದ್ದು ಮಾಡುವವರು ಹಲವರಿದ್ದಾರೆ. ತೋಟದಲ್ಲಿ ಬಿದ್ದ ಹಾಳೆಯಲ್ಲಿಯೂ ರಬ್ಬರ್ ಮರಕ್ಕೆ ಕಟ್ಟಿದ ಗೆರಟೆಯಲ್ಲಿಯೂ ನಿಂತ ತಿಳಿನೀರಿನಲ್ಲಿ ಹುಟ್ಟಿ, ಹಗಲು ಹೊತ್ತಿನಲ್ಲಿ ಕಚ್ಚುವ ಸೊಳ್ಳೆಯಿಂದ ಡೆಂಗಿ ಬರುತ್ತದೆ. ಇಲಿಯ ಮೂತ್ರ ಬೆರೆತ ಕೆಸರು ನೀರು ಕಾಲಿನ ಗಾಯಕ್ಕೆ ತಾಗಿ ಇಲಿಜ್ವರ ಬರುತ್ತದೆ. ಮೊದಲ ದಿನ ಇವೆರಡರಲ್ಲಿಯೂ ಮೈ ಸುಡುವುದು, ತಲೆ ಸಿಡಿಯುವುದು, ಮೈಕೈ ನೋಯುವುದು. ಮುಖ ನೋಡಿ ಹೆಸರು ಹೇಳುವ ವೈದ್ಯರು ಎಲ್ಲಿಯೂ ಇಲ್ಲ. ಅವರಿಗೆ ದಾರಿ ತೋರಿಸುವುದು ರಕ್ತಪರೀಕ್ಷೆ; ಆದರೆ ಯಾವ ಪರೀಕ್ಷೆ ಮಾಡಿಸಬೇಕೆಂಬುದನ್ನು ತೋರಿಸುವುದು ರೋಗಿಯ ಮಾತು. ನಮ್ಮ ಹೆಣ್ಣುಮಕ್ಕಳಲ್ಲಿ ಕೊರತೆಯಾಗಿರುವುದು ಈ ಮಾತೇ ಎಂದು ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಅವಳ ತಂದೆಯವರೊಡನೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವೈದ್ಯರು ಹುಡುಗಿಯನ್ನು ಕೇಳಿದ ಪ್ರಶ್ನೆಗಳಿಗೆಲ್ಲ ತಂದೆಯವರೇ ಉತ್ತರ ಕೊಟ್ಟರು. “ಮಳೆಯಲ್ಲಿ ನೆನೆದಿದ್ದಾಳೆ, ಶೀತದ ಜ್ವರ” ಎಂದರು. ಅವರು ಕೆಟ್ಟವರಲ್ಲ, ಮಗಳ ಮೇಲೆ ಪ್ರಾಣವನ್ನೇ ಇಟ್ಟವರು. ಆದರೆ ಅವರಿಗೆ ತಿಳಿದುದು ಅಷ್ಟೇ. ವೈದ್ಯರು ಸಮಾಧಾನದಿಂದ, “ನೀನೇ ಹೇಳಮ್ಮ” ಎಂದು ಎರಡನೆಯ ಸಲ ಕೇಳಿದಾಗ, ಅವಳು ನನ್ನ ಮುಖ ನೋಡಿ, “ಟೀಚರ್, ಕಾಲಿನ ಮೀನಖಂಡ ಮುಟ್ಟಲಿಕ್ಕೆ ಆಗುವುದಿಲ್ಲ” ಎಂದಳು. ಹತ್ತು ದಿನಗಳ ಹಿಂದೆ ಬರಿಗಾಲಿನಲ್ಲಿ ತೋಟದ ಕಣಿ ಬಿಡಿಸಿದ್ದಳೆಂಬುದೂ ಆಗ ಹೊರಬಂತು. ವೈದ್ಯರು ಅವಳ ಕೆಂಪೇರಿದ ಕಣ್ಣುಗಳನ್ನು ನೋಡಿದರು, ರಕ್ತ ತೆಗೆಸಿದರು. ಇಲಿಜ್ವರವೇ ಆಗಿತ್ತು. ಇದು ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಮುಂತಾದ ಔಷಧಗಳಿಗೆ ಬಗ್ಗುವ ರೋಗ. ತಡವಾದರೆ ಕಾಮಾಲೆ ಕಾಣಿಸಿಕೊಂಡು ಮೂತ್ರಪಿಂಡಗಳೇ ಸೋಲಬಹುದು. ಆ ಹುಡುಗಿ ಮೂರನೆಯ ವಾರದಲ್ಲಿ ತರಗತಿಗೆ ಬಂದಳು.

ಡೆಂಗಿಯ ವಿಷಯದಲ್ಲಿ ಹೆತ್ತವರು ತಿಳಿದಿರಬೇಕಾದ ಒಂದು ವೈಚಿತ್ರ್ಯವುಂಟು. ಬೇರೆ ಜ್ವರಗಳಲ್ಲಿ ಮೈ ತಣ್ಣಗಾಯಿತೆಂದರೆ ಗಂಡಾಂತರ ಕಳೆಯಿತೆಂದು ನಾವು ಗಂಜಿ ಕಾಯಿಸುತ್ತೇವೆ. ಡೆಂಗಿಯಲ್ಲಿ ಹೆಚ್ಚಿನ ಅಪಾಯವಿರುವುದು ಜ್ವರ ಇಳಿಯುವ ಆ ಒಂದೆರಡು ದಿನಗಳಲ್ಲಿಯೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಆಯಾಸ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಆಸ್ಪಿರಿನ್, ಐಬುಪ್ರೊಫೆನ್‌ಗಳಂಥ ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಅಂಗಡಿಯಿಂದ ತಂದು ಕೊಡಲೇಬಾರದು. ಹುಡುಗಿಯರಲ್ಲಿ ತಿಂಗಳ ಸ್ರಾವವು ಮಿತಿಮೀರಿ ಹೋಗುವುದೂ ಇಂಥದೇ ಒಂದು ಎಚ್ಚರಿಕೆ. ಇದನ್ನು ನಾನು ತಾಯಂದಿರ ಸಭೆಯಲ್ಲಿ ಹೇಳಿದಾಗ ಒಬ್ಬರು, “ಅದನ್ನೆಲ್ಲ ಗಂಡಸರ ಮುಂದೆ ಹೇಳುವುದುಂಟೆ ಟೀಚರೇ?” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೇಳುವುದುಂಟು ಅಮ್ಮಾ. ಪ್ರಾಣಕ್ಕಿಂತ ದೊಡ್ಡ ನಾಚಿಕೆಯನ್ನು ದೇವರು ಯಾರಿಗೂ ಕೊಟ್ಟಿಲ್ಲ.

ಅಪರೂಪದ ರೋಗಗಳ ಮಾತು ಬಂದಾಗ ಇದೆಲ್ಲ ಮತ್ತಷ್ಟು ಕಠಿಣವಾಗುತ್ತದೆ. ಏಕೆಂದರೆ ಅಪರೂಪದ ರೋಗವು ಸಾಮಾನ್ಯ ರೋಗದ ವೇಷ ಹಾಕಿಕೊಂಡೇ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು, ಸುತ್ತಲಿನ ಊರುಗಳ ಜನರೂ ಜ್ವರದಿಂದ ಮಲಗಿದರು. ಮಂಗಗಳ ಸಾವಿಗೂ ಈ ಜ್ವರಕ್ಕೂ ಸಂಬಂಧವಿದೆಯೆಂದು ಕಂಡುಕೊಂಡು ಅದನ್ನು ಮಂಗನ ಕಾಯಿಲೆ ಎಂದು ಕರೆದವರು ಆ ಹಳ್ಳಿಗರೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿ ಜ್ವರವೆಂದು ಶಂಕಿಸಿ, ಬಳಿಕ ಅದು ಲೋಕಕ್ಕೇ ಹೊಸದಾದ ಒಂದು ವೈರಸ್ಸೆಂದು ಸ್ಥಾಪಿಸಿದರು. ಇದನ್ನು ಹರಡುವುದು ಕಾಡಿನ ಉಣ್ಣಿ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. 1982-83ರಲ್ಲಿ ಇದು ನಮ್ಮದೇ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆಗಳ ಕಡೆ, ಗೇರು ತೋಟಕ್ಕಾಗಿ ಕಾಡು ಕಡಿದಾಗ, ಭಯಂಕರವಾಗಿ ಹಬ್ಬಿತ್ತು. ಆದುದರಿಂದ ಇದು ಘಟ್ಟದ ಮೇಲಿನವರ ರೋಗವೆಂದು ನಾವು ಸುಮ್ಮನಿರುವಂತಿಲ್ಲ.

ಇಲ್ಲಿಯೂ ಹೆಣ್ಣುಮಕ್ಕಳ ಮಾತೇ ಬೇಕಾಗುತ್ತದೆ. ಮಳೆ ನಿಂತು ಗುಡ್ಡೆ ಒಣಗಿದ ಮೇಲೆ, ಹಟ್ಟಿಗೆ ಹಾಸಲಿಕ್ಕೆ ತರಗೆಲೆ ಗುಡಿಸಿ ತರುವವರು ಯಾರು? ಬಹುಮಟ್ಟಿಗೆ ಹೆಂಗಸರು ಮತ್ತು ಹುಡುಗಿಯರು. ಉಣ್ಣಿಯ ಮರಿಗಳು ಕೂತಿರುವುದು ಆ ಎಲೆಗಳಲ್ಲಿಯೇ, ಮಂಗನ ಕಾಯಿಲೆ ಹಬ್ಬುವುದೂ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಆ ಒಣಗಾಲದಲ್ಲಿಯೇ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜ್ವರವೇರುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು, ಒಂದೆರಡು ವಾರ ಗುಣವಾದಂತೆ ತೋರಿ, ತಿರುಗಿ ಬಂದಾಗ ಕೈಕಾಲು ನಡುಕ, ಬುದ್ಧಿಭ್ರಮಣೆಗಳನ್ನು ತರುತ್ತದೆ. ಇದಕ್ಕೆಂದೇ ನಿಶ್ಚಿತವಾದ ಔಷಧವಿಲ್ಲ. ಆದರೆ ಬೇಗನೆ ಆಸ್ಪತ್ರೆ ಸೇರಿದವರನ್ನು ಆರೈಕೆಯಿಂದ ಉಳಿಸಿಕೊಳ್ಳಬಹುದು. “ಗುಡ್ಡೆಗೆ ಹೋಗಿದ್ದೆ” ಎಂಬ ಎರಡು ಶಬ್ದಗಳನ್ನು ರೋಗಿ ನುಂಗಿಕೊಂಡರೆ, ಇಂಥ ರೋಗವನ್ನು ವೈದ್ಯರು ಊಹಿಸುವುದಾದರೂ ಹೇಗೆ?

ಊಹೆಯಿಂದಾಗುವ ಕೇಡಿಗೆ ಸಾಗರ ತಾಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಅಲ್ಲಿನ ಬಡವರಲ್ಲಿ ಸೊಂಟ, ಮೊಣಕಾಲುಗಳ ಕೀಲು ನೋಯುತ್ತ ಜನರು ಕುಗ್ಗಿ ಹೋಗುವ ರೋಗ ಬೆಳಕಿಗೆ ಬಂದಾಗ, ಗದ್ದೆಯ ಏಡಿ ತಿಂದುದರಿಂದ ಬಂತೆಂದು ಹೇಳಿದವರಿದ್ದರು. ಮನೆಮನೆಗೆ ಹೋಗಿ ಯಾರ ತಾಯಿಗೆ, ಯಾರ ಅಜ್ಜನಿಗೆ ಇತ್ತೆಂದು ಕೇಳಿ ಬರೆದುಕೊಂಡ ಮೇಲೆಯೇ ಅದು ವಂಶಪಾರಂಪರ್ಯದ್ದೆಂದು ತಿಳಿದುಬಂದದ್ದು.

ಈಗ ನಮ್ಮ ಶಾಲೆಯಲ್ಲಿ ಜ್ವರ ಬಂದವಳ ಕೈಯಲ್ಲಿಯೇ ಒಂದು ಕಾಗದ ಬರೆಯಿಸುತ್ತೇವೆ: ಜ್ವರ ಹಿಡಿದ ದಿನ ಯಾವುದು, ಅದಕ್ಕೆ ಮುಂಚಿನ ಎರಡು ವಾರ ಎಲ್ಲೆಲ್ಲಿ ಕೆಲಸ ಮಾಡಿದೆ, ಎಲ್ಲಿ ನೋಯುತ್ತದೆ, ಯಾವ ಮಾತ್ರೆ ನುಂಗಿದೆ. ಹೇಳಲಿಕ್ಕೆ ನಾಚಿಕೆಯಾಗುವುದನ್ನು ಮಡಚಿದ ಮಗ್ಗುಲಲ್ಲಿ ಬರೆಯಬಹುದು, ಅದನ್ನು ವೈದ್ಯರ ಹೊರತು ಯಾರೂ ಬಿಡಿಸಿ ನೋಡುವುದಿಲ್ಲ. ಕಳೆದ ಫೆಬ್ರವರಿಯಲ್ಲಿ ಎಂಟನೆಯ ತರಗತಿಯ ಒಬ್ಬಳು ಇದೇ ರೀತಿಯ ಕಾಗದವನ್ನು ಮನೆಯಲ್ಲಿ ತನ್ನ ಅಜ್ಜಿಗಾಗಿ ಬರೆದಳಂತೆ. “ಅಜ್ಜಿ ಐದು ದಿನದ ಹಿಂದೆ ಗುಡ್ಡೆಯಿಂದ ತರಗೆಲೆ ತಂದಿದ್ದಾರೆ, ಕುತ್ತಿಗೆಯಲ್ಲಿ ಒಂದು ಉಣ್ಣಿ ಇತ್ತು, ನಾನು ತೆಗೆದೆ” ಎಂದು ಬರೆದಿದ್ದಳು. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಲ್ಲವೆಂದು ಬಂತು, ಅಜ್ಜಿ ವಾರದೊಳಗೆ ಎದ್ದು ಓಡಾಡಿದರು. ಆ ಕಾಗದವನ್ನು ಮಾತ್ರ ವೈದ್ಯರು ಹಿಂದೆ ಕೊಡಲಿಲ್ಲ. ಬೇರೆಯವರಿಗೆ ತೋರಿಸಲಿಕ್ಕೆ ಬೇಕೆಂದು ಇಟ್ಟುಕೊಂಡರಂತೆ.