ಗುಡ್ಡದ ತಲೆ ಸವರಿ ಮಾಡಿದ ನಿಲ್ದಾಣ

ಶಿಮ್ಲಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕಾಲ್ಕಾದಿಂದ ಹತ್ತುವ ಪುಟಾಣಿ ರೈಲು. 1903ರಲ್ಲಿ ಶುರುವಾದ ಈ ಹಾದಿಯ 96 ಕಿ.ಮೀ. ಕ್ರಮಿಸಲು ಐದು ಗಂಟೆಯಾದರೂ ಬೇಕು. ಆ ಊರಿಗೊಂದು ವಿಮಾನ ನಿಲ್ದಾಣವೂ ಉಂಟೆಂದರೆ ಹಲವರು ಹುಬ್ಬೇರಿಸುತ್ತಾರೆ. ಪೇಟೆಯಿಂದ 22 ಕಿ.ಮೀ. ದೂರದ ಜುಬ್ಬರ್‌ಹಟ್ಟಿಯಲ್ಲಿ ಗುಡ್ಡದ ತಲೆ ಸವರಿ, ಸಮತಟ್ಟು ಮಾಡಿ, 1987ರಲ್ಲಿ ತೆರೆದ ನಿಲ್ದಾಣವಿದು. ಶಿಮ್ಲಾ ಸುಮಾರು 2,200 ಮೀಟರ್ ಎತ್ತರದಲ್ಲಿದ್ದರೆ ಇದು 1,546 ಮೀಟರ್ ಎತ್ತರದಲ್ಲಿದೆ. ಅಂದರೆ ಆಕಾಶಕ್ಕೆ ಏರಬೇಕಾದವರು ಮೊದಲು ಘಟ್ಟ ಇಳಿಯಬೇಕು!

ನಾವು ನಾಲ್ಕಾರು ಮಂದಿ ಉಪಾಧ್ಯಾಯರು ಅಲ್ಲಿಗೆ ಹೋದದ್ದು ವಿಮಾನ ಹತ್ತಲಿಕ್ಕಲ್ಲ, ನೋಡಲಿಕ್ಕೆ. ಪೈನ್ ಮರಗಳ ನಡುವೆ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ಒಂದು ತಿರುವಿನಲ್ಲಿ ಫಕ್ಕನೆ ರನ್‌ವೇ ಕಾಣುತ್ತದೆ, ಗುಡ್ಡದ ಮೇಲೆ ಯಾರೋ ಮರೆತುಹೋದ ಹಲಗೆಯ ಹಾಗೆ. ಅದು ಮುಗಿದಲ್ಲಿ ನೆಲವೂ ಮುಗಿಯುತ್ತದೆ; ಆಚೆಗೆ ಕಣಿವೆ. ಉದ್ದ ಸುಮಾರು 1,230 ಮೀಟರ್. ಗುಡ್ಡದ ಮೇಲಿನ ನಮ್ಮ ಬಜ್ಪೆಯ ರನ್‌ವೇ 2,450 ಮೀಟರ್, ಇದರ ಎರಡರಷ್ಟು. ಅಂಥ ಕಡೆಯೂ 2010ರ ಮೇ 22ರಂದು ವಿಮಾನ ಅಂಚು ದಾಟಿ ಉರುಳಿ 158 ಜೀವಗಳು ಹೋದವು. ಅಂಚು ಎಂದರೇನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

"ಅಲ್ಲ ಮೇಷ್ಟ್ರೇ, ಇಷ್ಟು ಪುಟ್ಟ ವಿಮಾನ, ಅದರಲ್ಲೂ ಸೀಟು ಖಾಲಿ ಬಿಟ್ಟು ಹಾರಿಸುತ್ತಾರಂತಲ್ಲ, ಜನ ಸಿಗುವುದಿಲ್ಲವೇ?" ಎಂದರು ನಮ್ಮ ಜತೆಗಿದ್ದ ಹಿರಿಯ ಕನ್ನಡ ಪಂಡಿತರು.

ಜನರಿದ್ದಾರೆ, ಗಾಳಿ ಸಾಲದು. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯ ತೂಕ 1.225 ಕಿಲೋ. ಜುಬ್ಬರ್‌ಹಟ್ಟಿಯ ಎತ್ತರದಲ್ಲಿ, 30 ಡಿಗ್ರಿ ಬಿಸಿಲಿದ್ದರೆ ಅದು ಸುಮಾರು 970 ಗ್ರಾಂ. ಐದರಲ್ಲೊಂದು ಪಾಲು ಕಡಿಮೆ! ರೆಕ್ಕೆ ಮೇಲೇಳುವುದು ಗಾಳಿಯನ್ನು ಕೆಳಕ್ಕೆ ತಳ್ಳಿ. ತಳ್ಳಲು ಗಾಳಿ ತೆಳುವಾದರೆ ಶೇಕಡ 12ರಷ್ಟು ಹೆಚ್ಚು ವೇಗ ಬೇಕು. ಆ ವೇಗ ಗಳಿಸಬೇಕಾದ ಎಂಜಿನ್ನಿಗೂ ಪ್ರೊಪೆಲ್ಲರಿಗೂ ಸಿಗುವುದು ಅದೇ ತೆಳು ಗಾಳಿ. ಹಾಗಾಗಿ ಓಟ ಉದ್ದವಾಗಬೇಕು, ಮುಂದೆ ಕಣಿವೆ. ಉಳಿದ ದಾರಿ ತೂಕ ಇಳಿಸುವುದೊಂದೇ. ಇಂಧನಕ್ಕೆ ಕೈಹಚ್ಚುವಂತಿಲ್ಲ, ಇಳಿಯುವ ಊರಲ್ಲಿ ಮಂಜು ಕವಿದರೆ ಇನ್ನೊಂದು ಊರಿಗೆ ಹೋಗುವಷ್ಟು ಇರಲೇಬೇಕು. ಕಡೆಗೆ ಇಳಿಯಬೇಕಾದವರು ಪ್ರಯಾಣಿಕರು. ಶಿಮ್ಲಾಕ್ಕೆ ಜನ ನುಗ್ಗುವುದು ಮೇ-ಜೂನ್‌ನಲ್ಲಿ; ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗುವುದೂ ಆಗಲೇ.

ಲೆಕ್ಕ ಇಷ್ಟಾದ ಮೇಲೆ ದುಡ್ಡಿನ ಲೆಕ್ಕ ಕೂಡುವುದು ಕಷ್ಟ. 2012ರಲ್ಲಿ ವಿಮಾನಗಳ ಓಡಾಟವೇ ನಿಂತಿತ್ತು. 2017ರ ಏಪ್ರಿಲ್ 27ರಂದು ಉಡಾನ್ ಯೋಜನೆಯ ಮೊದಲ ವಿಮಾನಕ್ಕೆ ಪ್ರಧಾನಿ ಹಸಿರು ನಿಶಾನೆ ತೋರಿದ್ದು ಇಲ್ಲಿಯೇ. ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ, ನಷ್ಟಕ್ಕೆ ಸರಕಾರದ ಆಸರೆ. ಆದರೂ ಇಲ್ಲಿಂದ ಏರುವಾಗ ಆ ಎ.ಟಿ.ಆರ್. ವಿಮಾನದ ಅರ್ಧಕ್ಕೂ ಹೆಚ್ಚು ಸೀಟು ಖಾಲಿ ಬಿಡಬೇಕಾಗುತ್ತಿತ್ತು. 2020ರ ಕೊರೊನಾದಲ್ಲಿ ಮತ್ತೆ ನಿಂತು, 2022ರ ಸೆಪ್ಟೆಂಬರಿನಲ್ಲಿ ಹೊಸ ಮಾದರಿಯ ಎ.ಟಿ.ಆರ್.ನೊಂದಿಗೆ ಶುರುವಾಯಿತು.

ರನ್‌ವೇ ಉದ್ದ ಮಾಡಿದರಾಗದೇ ಎಂಬ ಮಾತು ಬರುತ್ತದೆ. ಅದಕ್ಕೆ ಇನ್ನಷ್ಟು ಗುಡ್ಡ ಕಡಿಯಬೇಕು, ಇಳಿಜಾರಿಗೆ ಮಣ್ಣು ತುಂಬಬೇಕು. 2023ರ ಆಗಸ್ಟ್ ಮಳೆಯಲ್ಲಿ ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಗುಡ್ಡ ಜಾರಿ, ದೇವಸ್ಥಾನವೂ ಅದರಲ್ಲಿದ್ದ ಭಕ್ತರೂ ಮಣ್ಣುಪಾಲಾದದ್ದನ್ನು ನೆನೆದರೆ ಆ ಕೆಲಸಕ್ಕೆ ಕೈಹಾಕದಿರುವುದೇ ಲೇಸೆಂದು ನನಗನ್ನಿಸುತ್ತದೆ. ಕಾಯಿಲೆಯವರಿಗೆ, ಆಪತ್ತಿಗೆ ಇರುವ ಪಟ್ಟಿ ಸಾಕು. ನಮ್ಮಂಥ ಪ್ರವಾಸಿಗಳು ಒಂದು ಗಂಟೆ ಉಳಿಸಿ ಮಾಡುವುದೇನು?

ಆದರೂ ಹಾರಿಯೇ ಹೋಗಬೇಕೆನ್ನುವವರು ವಿಮಾನವಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಇದ್ದರೆ, ಪೆಟ್ಟಿಗೆ ಹಗುರವಿರಲಿ.