ಸಂಬಳವಿಲ್ಲದ ಉಮೇದುವಾರಿಕೆ

ಕವಲೇದುರ್ಗದ ಕೋಟೆಯನ್ನು ಕಾಣಬಂದವರು ಮೊದಲು ಗದ್ದೆಯ ಬದುವನ್ನು ಹಾಯಬೇಕು. ಕೆಳದಿಯ ಅರಸರ ಕಲ್ಲುಬಾಗಿಲಿಗಾಗಿ ಬಂದವರು ಆ ಗದ್ದೆ ಯಾರದೆಂದು ಕೇಳುವುದಿಲ್ಲ; ಕೇಳುವ ಅಗತ್ಯವೂ ಅವರಿಗಿಲ್ಲ. ಆ ಸೀಮೆಯ ಒಂದು ಮನೆಯ ಹುಡುಗ, ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿದ್ದವನು, ಒಂದು ಸಂಜೆ ಅಡಕೆ ಸುಲಿಯುತ್ತಿದ್ದ ತಂದೆಯ ಮುಂದೆ ನಿಂತು, ಬೇಸಗೆಯಲ್ಲಿ ಆಗುಂಬೆಯ ಕಡೆ ಕಾಳಿಂಗಸರ್ಪದ ಅಧ್ಯಯನಕ್ಕೆ ಸ್ವಯಂಸೇವಕನಾಗಿ ಹೋಗುವೆನೆಂದು ತಿಳಿಸಿದನು.

"ಸಂಬಳ ಎಷ್ಟು ಕೊಡ್ತಾರೆ?"

"ಸಂಬಳ ಇಲ್ಲ, ಅಪ್ಪಯ್ಯ. ಊಟದ ಖರ್ಚು ನಾವೇ ಕೊಡಬೇಕು."

ತಂದೆಯ ಕೈ ಮೆಟ್ಟುಗತ್ತಿಯ ಮೇಲೆ ನಿಂತಿತು. "ಹಾವು ನೋಡೋದಕ್ಕೆ ದುಡ್ಡು ಕೊಡಬೇಕೇನೋ? ನಮ್ಮ ತೋಟಕ್ಕೆ ಅವೇ ಪುಕ್ಕಟೆ ಬರ್ತಾವಲ್ಲ!"

ಮಾತು ಹಾಸ್ಯದ್ದಾದರೂ ಅದರೊಳಗಿನ ಲೆಕ್ಕ ಹಾಸ್ಯದ್ದಲ್ಲ. ವನ್ಯಜೀವಿಗಳ ವಿದ್ಯೆಗೆ ಹೊರಬಾಗಿಲೆಂದರೆ ಬಹುಮಟ್ಟಿಗೆ ಈ ಸಂಬಳವಿಲ್ಲದ ಉಮೇದುವಾರಿಕೆಯೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2004ರಿಂದ ವನ್ಯಜೀವಿ ವಿಜ್ಞಾನದ ಎಂ.ಎಸ್‌ಸಿ. ಇದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿಯೂ ಆ ವಿಷಯಕ್ಕೆ ವಿಭಾಗವುಂಟು. ಆದರೆ ಕಾಡಿನಲ್ಲಿ ನಾಲ್ಕು ತಿಂಗಳು ಕಳೆದು ಬಂದವನ ಮಾತಿಗೆ ಎಲ್ಲಿಯೂ ಒಂದು ತೂಕ ಹೆಚ್ಚು. ಆ ನಾಲ್ಕು ತಿಂಗಳನ್ನು ಕೈಯಿಂದ ಖರ್ಚುಮಾಡಿ ಕಳೆಯಬಲ್ಲವರು ಯಾರು? ಪಟ್ಟಣದ ಅನುಕೂಲಸ್ಥರ ಮಕ್ಕಳು. ಕಾಡಿನ ಅಂಚಿನಲ್ಲಿಯೇ ಹುಟ್ಟಿದವನಿಗೆ ಕಾಡಿನ ಬಾಗಿಲು ದುಬಾರಿಯಾಗುವುದು ವಿಚಿತ್ರವಾದರೂ ಸತ್ಯ.

ಆಗುಂಬೆಗೆ ಈ ವಿದ್ಯೆ ಬಂದ ಕಥೆ ಹಳೆಯದು. ರೋಮುಲಸ್ ವಿಟೇಕರ್ ಅವರು 1971ರಲ್ಲಿ ಅಲ್ಲಿ ಕಾಳಿಂಗವನ್ನು ಕಂಡರು. ಆ ನೆನಪನ್ನು ಹಿಡಿದು 2005ರಲ್ಲಿ ಅಲ್ಲಿಯೇ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಕಟ್ಟಿದರು. 2008ರಲ್ಲಿ ಕಾಳಿಂಗದ ಮೈಯೊಳಗೆ ಪುಟ್ಟ ರೇಡಿಯೊ ಯಂತ್ರವನ್ನಿರಿಸಿ ಅದರ ಜಾಡನ್ನು ಹಿಂಬಾಲಿಸುವ ಕೆಲಸ ಮೊದಲಾಯಿತು. 2024ರಲ್ಲಿ ಪಿ. ಗೌರೀಶಂಕರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಕಾಳಿಂಗವು ಬೇರೆಯೇ ಜಾತಿಯೆಂದು ನಿರೂಪಿಸಿ, ಅದಕ್ಕೆ 'ಓಫಿಯೊಫೇಗಸ್ ಕಾಳಿಂಗ' ಎಂದು ಹೆಸರಿಟ್ಟರು. ಮಲೆನಾಡಿನ ಅಜ್ಜಿಯರ ಬಾಯಲ್ಲಿದ್ದ ಹೆಸರು ಹೀಗೆ ಲೋಕದ ಶಾಸ್ತ್ರಗ್ರಂಥಕ್ಕೆ ಸೇರಿತು.

ತಾಯಿ ತನ್ನ ಸರವನ್ನು ಅಡವಿಡಲು ಒಪ್ಪಿದಳು. ತಂದೆ ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ. ಹುಡುಗ ಹೋದನು.

ಹಾವು ಹಿಡಿಯುವ ಸಾಹಸವನ್ನು ಕನಸಿದ್ದವನಿಗೆ ಕೈಗೆ ಬಂದುದು ಒಂದು ನೋಟುಪುಸ್ತಕ. 1972ರ ಕಾಯಿದೆಯ ರಕ್ಷಣೆಗೊಳಗಾದ ಆ ಜೀವವನ್ನು ಮುಟ್ಟುವ ಅಧಿಕಾರ ಅವನಿಗಿರಲಿಲ್ಲ. ದೂರ ಕುಳಿತು ನೋಡಬೇಕು, ಗಡಿಯಾರ ನೋಡಿ ಬರೆಯಬೇಕು. ಕಾಳಿನ ಇಂಬಳಗಳನ್ನು ಕೀಳಲೂ ಪುರುಸೊತ್ತಿಲ್ಲ. ಹಾವುಗಳಲ್ಲಿ ಗೂಡು ಕಟ್ಟುವುದು ಕಾಳಿಂಗವೊಂದೇ. ಹೆಣ್ಣುಹಾವು ಮೈಯ ಸುರುಳಿಯಿಂದ ಒಣ ತರಗೆಲೆಗಳನ್ನು ಸೆಳೆದು ಗುಡ್ಡೆಮಾಡಿ, ಅದರೊಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಮಲಗುತ್ತದೆ. ಮಳೆ ಎಷ್ಟು ಸುರಿದರೂ ಗೂಡಿನ ನಡುಭಾಗ ಬೆಚ್ಚಗಿರುತ್ತದೆ. ಮರಿಗಳು ಹೊರಬರುವ ಮುನ್ನ ತಾಯಿ ಹೊರಟುಹೋಗುತ್ತದೆ.

ಅಂತಹ ಗೂಡೊಂದು ಆ ವರ್ಷ ಒಬ್ಬರ ಅಡಕೆತೋಟದ ಅಂಚಿನಲ್ಲಿಯೇ ಬಿದ್ದಿತು. ತೋಟಕ್ಕೆ ಹುಲ್ಲು ಕೊಯ್ಯಲು ಬರುವ ಹೆಂಗಸರು ಹೆದರಿ ನಿಂತರು. ಯಜಮಾನರು ಗೂಡಿಗೆ ಬೆಂಕಿಯಿಡುವ ಮಾತಾಡಿದರು. ಅವರ ಭಯ ಸುಳ್ಳಲ್ಲ: ಕಾಳಿಂಗದ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿರುವ ಔಷಧ ನಾಟುವುದಿಲ್ಲ. ಪಟ್ಟಣದ ಇಬ್ಬರು ಉಮೇದುವಾರರು ಚಿತ್ರಪಟಗಳನ್ನು ತೋರಿಸಿ ಪರಿಸರದ ಮಹತ್ವವನ್ನು ವಿವರಿಸಿದರು. ಯಜಮಾನರು ಸೌಜನ್ಯದಿಂದ ಕೇಳಿ ಒಳಗೆ ಹೋದರು.

ಮರುದಿನ ಹುಡುಗನೊಬ್ಬನೇ ಹೋದನು. ಜಗಲಿಯ ಮೇಲೆ ಕುಳಿತು, ಅಡಕೆಯ ಧಾರಣೆಯನ್ನೂ ಕೊಳೆರೋಗವನ್ನೂ ಮಾತಾಡಿದನು. ಹಾವಿನ ಸುದ್ದಿ ಎತ್ತಲಿಲ್ಲ. "ಯಾವ ಕಡೆಯವನಪ್ಪ ನೀನು?" ಎಂದು ಯಜಮಾನರೇ ಕೇಳಿದರು. ಕವಲೇದುರ್ಗವೆಂದನು. ಅಲ್ಲಿ ಅವರ ನೆಂಟರಿದ್ದರು! ಕಾಫಿ ಬಂದಿತು. ಎದ್ದು ಹೊರಡುವಾಗ, "ಗೌಡ್ರೇ, ಹುಲ್ಲು ಕೊಯ್ಯುವ ದಿನ ನಾನು ಗೂಡಿನ ಹತ್ತಿರ ನಿಂತಿರುತ್ತೇನೆ, ಹೆಂಗಸರಿಗೆ ಧೈರ್ಯವಾಗುತ್ತದೆ" ಎಂದನು. ಹಾಗೆಯೇ ನಿಂತನು, ಮಳೆಯಲ್ಲಿ, ಹುಲ್ಲು ಕೊಯ್ದ ದಿನಗಳಲ್ಲೆಲ್ಲ. ಆಮೇಲೆ ಯಜಮಾನರೂ ಕೊಡೆ ಹಿಡಿದು ಪಕ್ಕದಲ್ಲಿ ನಿಲ್ಲತೊಡಗಿದರು. ಆ ಮಳೆಗಾಲದಲ್ಲಿ ಮರಿಗಳು ಕ್ಷೇಮವಾಗಿ ಕಾಡು ಸೇರಿದವು. ಇದನ್ನು ಯಾವ ಕಾಲೇಜು ಕಲಿಸೀತು? ಕಲಿಸಿದರೂ ಪರೀಕ್ಷೆಗೆ ಇಟ್ಟೀತೇ?

ಕೊನೆಕೊಯ್ಲಿನ ಹೊತ್ತಿಗೆ ಹುಡುಗ ಮನೆಗೆ ಬಂದನು. ತಾಯಿಯ ಸರ ಇನ್ನೂ ಬಿಡಿಸಿರಲಿಲ್ಲ. ಮುಂದಿನ ಬೇಸಗೆಗೆ ಬರಬೇಕೆಂದೂ, ಈ ಸಲ ಊಟ ವಸತಿಗಳ ಜೊತೆಗೆ ತಿಂಗಳಿಗೆ ಸ್ವಲ್ಪ ಗೌರವಧನ ಉಂಟೆಂದೂ ಅವನಿಗೆ ಕಾಗದ ಬಂದಿತು. ತಂದೆ ಅದನ್ನು ಕನ್ನಡಕವಿಟ್ಟು ಎರಡು ಬಾರಿ ಓದಿದನು.

"ಕೊನೆ ತೆಗೆಯೋನಿಗೆ ನಾನು ವಾರಕ್ಕೆ ಇದಕ್ಕಿಂತ ಜಾಸ್ತಿ ಕೊಡ್ತೀನಲ್ಲೋ," ಎಂದನು. ಬಳಿಕ ಕಾಗದವನ್ನು ಮಡಿಸಿ, ತೋಟದ ಪಹಣಿಯಿಟ್ಟಿದ್ದ ತಗಡಿನ ಪೆಟ್ಟಿಗೆಯಲ್ಲಿ ಇಟ್ಟನು.