ಕಟ್ಸ್, ಕ್ಯಾಟ್ಸ್ ಮತ್ತು ಒಂದು ಬೆಕ್ಕು

ಹೋದ ವರ್ಷ ಆನ್‌ಸೈಟ್ ಅಂತ ಎಂಟು ತಿಂಗಳು ಫ್ರಾಂಕ್‌ಫರ್ಟಿನಲ್ಲಿದ್ದೆ. ಅಲ್ಲಿಯ ಚಳಿ, ಒಣ ಬ್ರೆಡ್ಡು, ಭಾನುವಾರ ಬಾಗಿಲು ಹಾಕಿಕೊಳ್ಳೋ ಅಂಗಡಿಗಳು... ಇದನ್ನೆಲ್ಲ ನನಗಿಂತ ಮುಂಚೆ ಹೋದವರು ಬೇಕಾದಷ್ಟು ಬರೆದಿದ್ದಾರೆ, ನಾನು ಮತ್ತೆ ಕೊರೆಯೋಲ್ಲ. ಈಗ ಬರೆಯೋಕೆ ಕೂತಿದ್ದು ಒಂದು ಸರ್‌ನೇಮ್ ಬಗ್ಗೆ.

ನಮ್ಮ ಪ್ರಾಜೆಕ್ಟಿನಲ್ಲಿ ಒಂದೇ ಸರ್‌ನೇಮಿನ ಇಬ್ಬರಿದ್ದರು. ಒಬ್ಬರು ಫ್ರಾಂಕ್‌ಫರ್ಟ್ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು, ಐವತ್ತು ದಾಟಿದ ಜರ್ಮನ್. ಇನ್ನೊಬ್ಬ ನ್ಯೂಯಾರ್ಕಿನಿಂದ ಕಾಲ್‌ಗೆ ಬರುತ್ತಿದ್ದವನು, ನನಗಿಂತ ಹತ್ತು ವರ್ಷ ದೊಡ್ಡವನಿರಬಹುದು. ಇಂಗ್ಲಿಷಿನಲ್ಲಿ ಇಬ್ಬರದೂ ಅದೇ ನಾಲ್ಕು ಅಕ್ಷರ. ಜರ್ಮನ್ನರ ಬಾಯಲ್ಲಿ ಅದು 'ಕಟ್ಸ್', ಅಮೆರಿಕದವರ ಬಾಯಲ್ಲಿ 'ಕ್ಯಾಟ್ಸ್'. ಕನ್ನಡದಲ್ಲಿ ಬರೆಯೋದರ ಲಾಭ ನೋಡಿ, ಇಬ್ಬರನ್ನೂ ಬೇರೆ ಬೇರೆ ಬರೆಯಬಹುದು :)

ಒಂದು ಕಾಲ್‌ನಲ್ಲಿ ಮ್ಯಾನೇಜರ್ "ರಿಪೋರ್ಟ್ ಕ್ಯಾಟ್ಸ್ ಕಳಿಸ್ತಾರೆ" ಅಂದುಬಿಟ್ಟ. ಇವರು ಅವನು ಕಳಿಸ್ತಾನೆ ಅಂತ, ಅವನು ಇವರು ಕಳಿಸ್ತಾರೆ ಅಂತ ಎರಡು ದಿನ ಸುಮ್ಮನಿದ್ದರು. ಮುಂದಿನ ಕಾಲ್‌ನಲ್ಲಿ ನ್ಯೂಯಾರ್ಕಿನವನು ನಗುತ್ತಾ, "ನಾವಿಬ್ಬರೂ ಎಲ್ಲೋ ದಾಯಾದಿಗಳೇ ಇರಬೇಕು, ಅಲ್ವಾ?" ಅಂದ. ಎಲ್ಲರೂ ನಕ್ಕರು. ಕಟ್ಸ್ ಮಾತ್ರ ನಗಲಿಲ್ಲ. "ಇಲ್ಲ ಅನ್ಸುತ್ತೆ" ಅಂದು ಮುಂದಿನ ವಿಷಯಕ್ಕೆ ಹೋದರು. ಜರ್ಮನ್ನರು ಮೀಟಿಂಗಿನಲ್ಲಿ ಜೋಕ್ ಮಾಡೋಲ್ಲ, ಅಷ್ಟೇ ಅಂದುಕೊಂಡೆ ನಾನು.

ಸರ್‌ನೇಮ್ ವಿಷಯದಲ್ಲಿ ನನ್ನದೇ ಒಂದು ಪಾಡು. ನಮಗೆ ಇನಿಷಿಯಲ್ ಇರುತ್ತೆ, ಸರ್‌ನೇಮ್ ಎಲ್ಲಿಂದ ತರೋದು? ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗದಲ್ಲಿ ಅಪ್ಪನ ಹೆಸರು ತುಂಬಿದ್ದೆ. ಹಾಗಾಗಿ ಎಂಟು ತಿಂಗಳು ಆ ಆಫೀಸಿನವರು ದಿನಾ ಕರೆದದ್ದು ನಮ್ಮಪ್ಪನನ್ನು. ಊರಿನಲ್ಲಿ ಅಡಿಕೆ ಸುಲಿಸುತ್ತಾ ಕೂತ ಮನುಷ್ಯನಿಗೆ ಫ್ರಾಂಕ್‌ಫರ್ಟಿನಲ್ಲಿ ಎಷ್ಟು ಬಗ್ ಅಸೈನ್ ಆಗಿದ್ದವು ಅಂತ ಇವತ್ತಿಗೂ ಗೊತ್ತಿಲ್ಲ. ಇದನ್ನು ಒಂದು ದಿನ ಊಟದ ಹೊತ್ತಿಗೆ ಕಟ್ಸ್‌ಗೆ ಹೇಳಿದೆ. ಅವರು ಜೋರಾಗಿ ನಕ್ಕು, "ನನ್ನದು ಬೆಕ್ಕು" ಅಂದರು.

ಜರ್ಮನ್‌ನಲ್ಲಿ 'ಕಟ್ಸೆ' ಅಂದರೆ ಬೆಕ್ಕು. ಹಳೇ ಕಾಲದಲ್ಲಿ ಯಾರಿಗೋ ಊರವರು ಇಟ್ಟ ಅಡ್ಡಹೆಸರು ಹಾಗೇ ಮನೆತನಕ್ಕೆ ಅಂಟಿಕೊಂಡಿರಬಹುದು. ಅಥವಾ ಮನೆಯ ಬಾಗಿಲ ಮೇಲೆ ಬೆಕ್ಕಿನ ಚಿತ್ರ ಇದ್ದಿರಬಹುದು. ಮನೆಗಳಿಗೆ ನಂಬರ್ ಇಲ್ಲದ ಕಾಲದಲ್ಲಿ ಚಿತ್ರವೇ ವಿಳಾಸ. ಇದೇ ಫ್ರಾಂಕ್‌ಫರ್ಟಿನ ಯಹೂದಿಗಳ ಕೇರಿಯಲ್ಲಿ ಕೆಂಪು ಗುರಾಣಿಯ ಮನೆಯಿಂದ ಬಂದ ಹೆಸರೇ ರಾಥ್‌ಸ್ಚೈಲ್ಡ್. ಜರ್ಮನ್ನರ ಉಚ್ಚಾರಣೆಯಲ್ಲಿ 'ರೋಟ್‌ಶಿಲ್ಡ್', ಕೆಂಪು ಗುರಾಣಿ ಅಂತಲೇ ಅರ್ಥ.

"ಆದರೆ ನ್ಯೂಯಾರ್ಕಿನವನದು ಬೆಕ್ಕಲ್ಲ" ಅಂದರು ಕಟ್ಸ್.

ಯಹೂದಿಗಳಲ್ಲಿ ಈ ಹೆಸರಿಗೆ ಬೆಕ್ಕಿನ ಸಂಬಂಧವೇ ಇಲ್ಲ. ಹೀಬ್ರೂವಿನಲ್ಲಿ 'ಕೊಹೆನ್ ತ್ಸೆದೆಕ್', ಅಂದರೆ ಧರ್ಮನಿಷ್ಠ ಪುರೋಹಿತ. ಎರಡು ಪದಗಳ ಮೊದಲ ಅಕ್ಷರ ತಗೊಂಡು 'ಕ-ತ್ಸ್'. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಹೋಗಿ ಕುವೆಂಪು ಆದ ಹಾಗೆ! ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು ಹದಿನೇಳನೇ ಶತಮಾನದಿಂದ ಇದು ಹೆಸರಾಗಿ ಓಡಾಡುತ್ತಿದೆ. ಹೀಗೆ ಅಕ್ಷರ ಕೂಡಿಸಿ ಮಾಡಿದ ಹೆಸರುಗಳು ಅವರಲ್ಲಿ ಇನ್ನೂ ಇವೆ. 'ಶಟ್ಸ್' ಅಂದರೆ ಜರ್ಮನ್‌ನಲ್ಲಿ ನಿಧಿ, ಯಹೂದಿ ಮನೆತನದ ಹೆಸರಾದಾಗ 'ಶಲಿಯಾಖ್ ತ್ಸಿಬ್ಬುರ್', ಪ್ರಾರ್ಥನೆ ನಡೆಸಿಕೊಡುವವನು. 1787ರಲ್ಲಿ ಆಸ್ಟ್ರಿಯಾದ ಎರಡನೇ ಜೋಸೆಫ್, 1812ರಲ್ಲಿ ಪ್ರಷ್ಯಾ ಸರ್ಕಾರ ಯಹೂದಿಗಳು ಖಾಯಂ ಸರ್‌ನೇಮ್ ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಮಾಡಿದಾಗ ಉಳಿದವರು ಊರಿನದೋ ಕಸುಬಿನದೋ ಹೆಸರು ಹುಡುಕಬೇಕಾಯ್ತು. ಈ ಪುರೋಹಿತ ಮನೆತನಗಳಿಗೆ ಹೆಸರು ರೆಡಿ ಇತ್ತು, ನೋಡೋಕೂ ಜರ್ಮನ್ ಥರಾನೇ ಇತ್ತು.

ಹಾಗೆ ಇದ್ದದ್ದೇ ಮುಂದೆ ಕಟ್ಸ್ ಅವರ ತಾತನಿಗೆ ಕಂಟಕ ಆಯ್ತು. ತಾತ ರೈಲ್ವೆಯಲ್ಲಿ ಗುಮಾಸ್ತ, ಮನೆಯವರೆಲ್ಲ ಲೂಥರನ್ ಚರ್ಚಿನವರು. 1933ರ ಏಪ್ರಿಲ್‌ನಲ್ಲಿ ನಾಜಿಗಳು ಸರ್ಕಾರಿ ನೌಕರರ ಕಾನೂನು ತಂದರು. ಅಜ್ಜ-ಅಜ್ಜಿಯರಲ್ಲಿ ಒಬ್ಬರು ಯಹೂದಿ ಆಗಿದ್ದರೂ ಸಾಕು, ಕೆಲಸ ಹೋಗುತ್ತೆ. ಹೆಸರು ಕಟ್ಸ್ ಆದದ್ದರಿಂದ ತಾತನ ಮೇಲೆ ಎಲ್ಲರ ಕಣ್ಣು. ತನ್ನದು, ಅಪ್ಪ ಅಮ್ಮನದು, ನಾಲ್ಕು ಜನ ಅಜ್ಜ-ಅಜ್ಜಿಯರದು ಸೇರಿ ಏಳು ಜನನ ಅಥವಾ ದೀಕ್ಷಾಸ್ನಾನದ ಪತ್ರ, ಮೂರು ಮದುವೆ ಪತ್ರ ತಂದು ತೋರಿಸಬೇಕು. ತಾತ ಹಳ್ಳಿ ಹಳ್ಳಿಯ ಪಾದ್ರಿಗಳಿಗೆ ಕಾಗದ ಬರೆದು ಒಂದೊಂದೇ ತರಿಸಿಕೊಂಡರಂತೆ. ಅದನ್ನೆಲ್ಲ ನಮೂದಿಸಿ ಸೀಲು ಹೊಡೆಸಿದ 'ಆನೆನ್‌ಪಾಸ್' ಅನ್ನೋ ಪುಟ್ಟ ಪುಸ್ತಕ ಇವರ ಮನೆಯ ಡ್ರಾಯರಿನಲ್ಲಿ ಇನ್ನೂ ಇದೆ. ಪೂರ್ವಜರ ಪಾಸ್‌ಪೋರ್ಟು!

ಒಂದು ವಿಚಿತ್ರ ಗಮನಿಸಿ. ರಕ್ತ, ಜನಾಂಗ ಅಂತ ಅಷ್ಟು ಕೂಗಾಡಿದವರು ಕಡೆಗೆ ನೋಡಿದ್ದು ಏನನ್ನು? ಚರ್ಚಿನ ರಿಜಿಸ್ಟರ್. ಅಜ್ಜಿ ಯಹೂದಿ ಧರ್ಮದ ಸಮುದಾಯಕ್ಕೆ ಸೇರಿದ್ದಳೇ ಅನ್ನೋದೇ ಕಾನೂನಿನ ಪ್ರಶ್ನೆ. ರಕ್ತ ನೋಡುವ ಉಪಾಯ ಅವರ ಹತ್ತಿರ ಇರಲೇ ಇಲ್ಲ.

"ತಾತ ಕೆಟ್ಟವರಲ್ಲ" ಅಂದರು ಕಟ್ಸ್. "ಆದರೆ ನಾನು ಅವರಲ್ಲ, ನಾನು ಅವರಲ್ಲ ಅಂತ ಹತ್ತು ಕಾಗದ ತೋರಿಸಿ ಉಳಿದುಕೊಂಡರು. ಅವನು ಫೋನಿನಲ್ಲಿ ದಾಯಾದಿಗಳಾ ಅಂತ ಕೇಳಿದಾಗ ನನ್ನ ಬಾಯಿಂದಲೂ ಮೊದಲು ಬಂದ ಮಾತು 'ಇಲ್ಲ'."

ಆಮೇಲೆ ಇಬ್ಬರೂ ಸುಮ್ಮನೆ ಕಾಫಿ ಕುಡಿದೆವು.

ನ್ಯೂಯಾರ್ಕಿನವನ ಕಥೆ ಗೊತ್ತಾದದ್ದು ಒಂದು ರಾತ್ರಿ. ಡೇಟಾ ಮೈಗ್ರೇಷನ್ ಓಡುತ್ತಾ ಇತ್ತು, ನಾಲ್ಕು ಗಂಟೆ ಸ್ಕ್ರೀನ್ ನೋಡ್ತಾ ಕೂರೋದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಅವನ ತಾತ ಹತ್ತು ವರ್ಷದ ಹುಡುಗನಾಗಿ 1938ರಲ್ಲಿ ಹೆಸ್ಸೆ ಪ್ರಾಂತ್ಯದ ಒಂದು ಹಳ್ಳಿಯಿಂದ ಅಪ್ಪ ಅಮ್ಮನ ಜೊತೆ ನ್ಯೂಯಾರ್ಕಿಗೆ ಹೋದವರು. ಮುತ್ತಾತ ದನದ ವ್ಯಾಪಾರಿ. ಮನೆಯಲ್ಲಿ ಜರ್ಮನ್ ನಿಂತುಹೋಯ್ತು, 'ನಾವು ಕೊಹೆನ್‌ಗಳು' ಅನ್ನೋದು ಮಾತ್ರ ನಿಲ್ಲಲಿಲ್ಲ. ಮೋಸೆಸ್‌ನ ಅಣ್ಣ ಆರೋನ್‌ನಿಂದ ಅಪ್ಪ-ಮಗ, ಅಪ್ಪ-ಮಗ ಅಂತ ಇಳಿದು ಬಂದವರು ಅಂತ ನಂಬಿಕೆ. ಸಿನಗಾಗಿನಲ್ಲಿ ಧರ್ಮಗ್ರಂಥ ಓದಲು ಮೊದಲು ಕರೆಯೋದು ಕೊಹೆನ್‌ನನ್ನು. ಎರಡು ಕೈ ಎತ್ತಿ, ಬೆರಳು ಬಿಡಿಸಿ ಜನರನ್ನು ಆಶೀರ್ವದಿಸುವವರೂ ಅವರೇ. ಸ್ಟಾರ್ ಟ್ರೆಕ್‌ನ ಸ್ಪಾಕ್ ಮಾಡುವ ಆ ಕೈಸನ್ನೆ ನೆನಪಿದೆಯಾ? ಲಿಯೊನಾರ್ಡ್ ನಿಮೋಯ್ ಚಿಕ್ಕಂದಿನಲ್ಲಿ ಇದನ್ನು ನೋಡಿ ಎತ್ತಿಕೊಂಡದ್ದು.

ನಮ್ಮ ಗೋತ್ರದ ಹಾಗೆ ಇದೂ ಗಂಡುಸಂತಾನದ ಸಾಲು. ವೈ ಕ್ರೋಮೋಸೋಮ್ ಕೂಡ ಹೀಗೇ, ಅಪ್ಪನಿಂದ ಮಗನಿಗೆ ಮಾತ್ರ. ಒಂದೇ ಫೈಲನ್ನು ಕಾಪಿ ಮಾಡ್ತಾ ಹೋದ ಹಾಗೆ. ಅಪರೂಪಕ್ಕೊಮ್ಮೆ ಅಕ್ಷರ ತಪ್ಪು ಆಗುತ್ತೆ, ಆ ತಪ್ಪು ಮುಂದಿನ ಎಲ್ಲಾ ಕಾಪಿಗಳಲ್ಲೂ ಇರುತ್ತೆ. ಆ ತಪ್ಪುಗಳನ್ನು ಹೋಲಿಸಿದರೆ ಎರಡು ಸಾಲು ಎಲ್ಲಿ ಕವಲೊಡೆದವು ಅಂತ ಲೆಕ್ಕ ಹಾಕಬಹುದು.

ಕಾರ್ಲ್ ಸ್ಕೊರೆಕಿ ಅನ್ನೋ ಕಿಡ್ನಿ ಡಾಕ್ಟರಿಗೆ ಈ ಯೋಚನೆ ಬಂದದ್ದು ಸಿನಗಾಗಿನಲ್ಲೇ. ಇವರು ಯೂರೋಪಿನ ಮೂಲದ ಕೊಹೆನ್, ಅವತ್ತು ಓದಲು ಕರೆದದ್ದು ಉತ್ತರ ಆಫ್ರಿಕಾ ಮೂಲದ ಕೊಹೆನ್‌ನನ್ನು. ಇಬ್ಬರ ಮೂಲಪುರುಷ ಒಬ್ಬನೇ ಆದರೆ ವೈ ಕ್ರೋಮೋಸೋಮ್ ಒಂದೇ ಥರ ಇರಬೇಕಲ್ಲ? ಮೈಕೆಲ್ ಹ್ಯಾಮರ್ ಜೊತೆ ಸೇರಿ 188 ಯಹೂದಿ ಗಂಡಸರನ್ನು ಪರೀಕ್ಷೆ ಮಾಡಿ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕೊಹೆನ್‌ಗಳು ನಿಜಕ್ಕೂ ಉಳಿದವರಿಗಿಂತ ಬೇರೆಯಾಗಿ ಕಂಡರು. ಮಾರನೇ ವರ್ಷ ಆರು ಗುರುತುಗಳ ಒಂದು 'ಕೊಹೆನ್ ಮಾದರಿ'ಯೂ ಸಿಕ್ಕಿತು. ಪತ್ರಿಕೆಗಳು 'ಆರೋನ್‌ನ ಜೀನ್' ಅಂತ ಹಬ್ಬ ಮಾಡಿದವು. ಆಮೇಲೆ ನೋಡಿದರೆ ಆ ಆರು ಗುರುತು ಯಹೂದಿಗಳಲ್ಲದವರಲ್ಲೂ ಇದ್ದವು. 2009ರಲ್ಲಿ ಹ್ಯಾಮರ್ ತಂಡ 215 ಕೊಹೆನ್‌ಗಳನ್ನು ಇನ್ನಷ್ಟು ಕೂಲಂಕಷವಾಗಿ ನೋಡಿತು. ಶೇಕಡಾ 46.1 ಜನ ಜೆ-ಪಿ58 ಅನ್ನೋ ಒಂದೇ ಗುಂಪಿನವರು. ಅದರೊಳಗಿನ ಮುಖ್ಯ ಸಾಲಿನ ವಯಸ್ಸು ಸುಮಾರು 3190 ವರ್ಷ, ಹೆಚ್ಚುಕಡಿಮೆ 1090. ಮೂರು ಸಾವಿರ ವರ್ಷ ಅಪ್ಪ-ಮಗ ಅಂತ ಒಂದು ಸಾಲು ಅಷ್ಟಾದರೂ ಉಳಿದಿದೆ ಅನ್ನೋದೇ ನನಗಂತೂ ಮೈ ಜುಂ ಅನಿಸೋ ವಿಷಯ. ಆದರೆ ಅದೇ ಲೆಕ್ಕವನ್ನು ತಿರುಗಿಸಿ. ಅರ್ಧಕ್ಕಿಂತ ಹೆಚ್ಚು ಕೊಹೆನ್‌ಗಳು ಆ ಗುಂಪಿನಲ್ಲಿ ಇಲ್ಲ.

ಕ್ಯಾಟ್ಸ್ ಆ ಅರ್ಧದವನು. ಹೆಂಡತಿ ಹುಟ್ಟುಹಬ್ಬಕ್ಕೆ ಉಗುಳು ಕಳಿಸೋ ಕಿಟ್ ಕೊಡಿಸಿದ್ದಳು. ಯೂರೋಪಿನ ಯಹೂದಿ ಮೂಲ ಅಂತ ಬಂತು, ಅದೇನೂ ಹೊಸದಲ್ಲ. ಅಪ್ಪನ ಸಾಲು ಮಾತ್ರ 'ಇ' ಗುಂಪು. ಯಹೂದಿಗಳಲ್ಲಿ ಸಾಕಷ್ಟು ಇರುವಂಥದ್ದೇ, ಆದರೆ ಜೆ-ಪಿ58 ಅಲ್ಲ. "ತಿಂಗಳುಗಟ್ಟಲೆ ಅಪ್ಪನಿಗೆ ಹೇಳಲಿಲ್ಲ" ಅಂದ. ಆಶೀರ್ವಾದಕ್ಕೆ ಕೈ ಎತ್ತುವಾಗ ಸುಳ್ಳು ಹೇಳ್ತಿದ್ದೀನಾ ಅನಿಸುತ್ತಿತ್ತಂತೆ. ಕಡೆಗೆ ರಬ್ಬಿಯನ್ನು ಕೇಳಿದ. ಕೊಹೆನ್ ಅನ್ನೋದು ನಿಂತಿರೋದು ಮನೆತನ ನಡೆಸಿಕೊಂಡು ಬಂದ ನಂಬಿಕೆಯ ಮೇಲೆ, ಲ್ಯಾಬಿನ ರಿಪೋರ್ಟಿನ ಮೇಲಲ್ಲ, ನಿನ್ನಪ್ಪ ಕೈ ಎತ್ತುತ್ತಿದ್ದಾರೆ, ನೀನೂ ಎತ್ತು ಅಂದರಂತೆ. "ಸಮಾಧಾನ ಆಯ್ತಾ?" ಕೇಳಿದೆ. "ಮೈಗ್ರೇಷನ್ ಎಷ್ಟು ಪರ್ಸೆಂಟ್ ಆಯ್ತು?" ಅಂದ.

ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬನಿಗೂ 1024 ಜನ ಪೂರ್ವಜರ ಜಾಗ ಇರುತ್ತೆ. ವೈ ಕ್ರೋಮೋಸೋಮ್ ಹೇಳೋದು ಅದರಲ್ಲಿ ಒಬ್ಬನ ಕಥೆ. ಉಳಿದವರದು? ಅದಕ್ಕೂ ಒಂದು ಉತ್ತರ ಎರ್ಫರ್ಟ್ ಅನ್ನೋ ಊರಿನಲ್ಲಿ ಸಿಕ್ಕಿದೆ. ಅಲ್ಲಿಂದ ಯಹೂದಿಗಳನ್ನು ಓಡಿಸಿದ ಮೇಲೆ ಅವರ ಸ್ಮಶಾನದ ಮೇಲೆ ಕಣಜ ಕಟ್ಟಿದ್ದರು. 2013ರಲ್ಲಿ ಆ ಕಣಜವನ್ನು ಪಾರ್ಕಿಂಗ್ ಜಾಗ ಮಾಡಲು ಹೋದಾಗ ಸಮಾಧಿಗಳು ಸಿಕ್ಕವು. ಸಮುದಾಯದ ಒಪ್ಪಿಗೆ ಪಡೆದು, ಬಿಡಿ ಹಲ್ಲುಗಳಿಂದ 33 ಜನರ ಡಿಎನ್‌ಎ ತೆಗೆದರು. 2022ರಲ್ಲಿ ಫಲಿತಾಂಶ ಬಂತು. ಹದಿನಾಲ್ಕನೇ ಶತಮಾನದ ಆ ಜನ ಇವತ್ತಿನ ಯೂರೋಪ್ ಮೂಲದ ಯಹೂದಿಗಳ ಹಾಗೇ ಇದ್ದರು, ಮಧ್ಯಪ್ರಾಚ್ಯವೂ ಯೂರೋಪೂ ಬೆರೆತವರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ತಾಯಿಯ ಕಡೆಯಿಂದ ಒಬ್ಬಳೇ ಹೆಂಗಸಿನ ಸಂತಾನ. ಅವಳ ಹೆಸರು ಯಾವ ಸರ್‌ನೇಮಿನಲ್ಲೂ ಉಳಿದಿಲ್ಲ.

ಗೋ-ಲೈವ್‌ಗೆ ಕ್ಯಾಟ್ಸ್ ಫ್ರಾಂಕ್‌ಫರ್ಟಿಗೆ ಬಂದ. ಶುಕ್ರವಾರ ಮಧ್ಯಾಹ್ನ ಕಟ್ಸ್ ತಾವಾಗಿಯೇ "ಬನ್ನಿ, ಒಂದು ಕಡೆ ಹೋಗೋಣ" ಅಂದರು. ಬಾಟನ್ ರಸ್ತೆಯ ಹಳೇ ಯಹೂದಿ ಸ್ಮಶಾನ. ಅಲ್ಲಿಯ ಅತಿ ಹಳೇ ಕಲ್ಲು 1272ರದ್ದು. ನಾಜಿಗಳು ಬಹುಪಾಲು ಕಲ್ಲುಗಳನ್ನು ಒಡೆದುಹಾಕಿದರು. ಹೊರಗಿನ ಗೋಡೆಯ ತುಂಬಾ ಪುಟ್ಟ ಪುಟ್ಟ ಲೋಹದ ತುಂಡು, ಒಂದೊಂದರ ಮೇಲೂ ಒಂದು ಹೆಸರು. ಊರಿನಿಂದ ಸಾಗಿಸಿ ಕೊಂದ 11 ಸಾವಿರಕ್ಕೂ ಹೆಚ್ಚು ಜನ. ಕಟ್ಸ್‌ಗೆ ಜಾಗ ಗೊತ್ತಿತ್ತು, ನೇರ ಹೋಗಿ ನಿಂತರು. ಅವರದೇ ಸರ್‌ನೇಮ್, ಒಂದಾದ ಮೇಲೆ ಒಂದು. ಕ್ಯಾಟ್ಸ್ ಬೆರಳಿಟ್ಟು ಓದುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ. ಮುತ್ತಾತನ ತಂಗಿ. ಹಳ್ಳಿಗಿಂತ ಊರು ಕ್ಷೇಮ ಅಂತ ಫ್ರಾಂಕ್‌ಫರ್ಟಿಗೆ ಬಂದಿದ್ದಳಂತೆ.

ಕಟ್ಸ್ ಕೆಳಗಿಂದ ಒಂದು ಸಣ್ಣ ಕಲ್ಲು ಎತ್ತಿಕೊಂಡು, "ನಾನು ಇಡಬಹುದಾ?" ಅಂತ ಕೇಳಿದರು. ಅವನು ತಲೆಯಾಡಿಸಿದ.

ಆಮೇಲೆ ಒಳಗೆ ಹೋಗಿ ನೋಡೋಣ ಅಂತ ಪಕ್ಕದ ಮ್ಯೂಸಿಯಮ್ಮಿನಿಂದ ಬೀಗದ ಕೈ ಇಸಕೊಂಡು ಬಂದೆ. ಗೇಟು ತೆಗೆದರೆ ಕ್ಯಾಟ್ಸ್ ಅಲ್ಲೇ ನಿಂತ. "ನೀವಿಬ್ಬರು ಹೋಗಿ ಬನ್ನಿ. ಕೊಹೆನ್‌ಗಳು ಸ್ಮಶಾನದೊಳಗೆ ಹೋಗೋ ಹಾಗಿಲ್ಲ."

ನಾವಿಬ್ಬರೂ ಒಳಗೆ ಹೋದೆವು. ಕಲ್ಲುಗಳ ಫೋಟೋ ತೆಗೆದು ತನ್ನಿ ಅಂತ ಅವನ ಫೋನು ನನ್ನ ಕೈಯಲ್ಲಿತ್ತು. ತಿರುಗಿ ನೋಡಿದಾಗ ರಸ್ತೆಯ ಆ ಬದಿಗೆ ಹೋಗಿ, ಜೇಬಿನಲ್ಲಿ ಕೈ ಹಾಕಿಕೊಂಡು ಕಾಯುತ್ತಾ ನಿಂತಿದ್ದ.